ಭುಜ ಸರಿ ಕೂತರೆ ಮಿಕ್ಕಿದ್ದು ಟೈಲರ್ ನೋಡಿಕೊಳ್ಳುತ್ತಾರೆ

ಹೆಣ್ಣುಮಕ್ಕಳ ಬೀರುವಿನಲ್ಲಿ ಇರಲೇಬೇಕಾದ ಹತ್ತು ಬಟ್ಟೆ ಅಂತ ಒಂದು ಪಟ್ಟಿ ಆಗಾಗ ಕಣ್ಣಿಗೆ ಬೀಳುತ್ತದೆ. ಬಿಳಿ ಶರ್ಟು, ಕಪ್ಪು ಬ್ಲೇಜರು, ನೀಲಿ ಜೀನ್ಸು, ಮೊಣಕಾಲವರೆಗೆ ಬರುವ ಕೋಟು. ಕೋಟು! ಕುರುಬರಹಳ್ಳಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಕೋಟು ಹಾಕಿಕೊಂಡು ಸೊಪ್ಪು ತರಲು ಹೋದರೆ ಸೊಪ್ಪಿನಮ್ಮ ಏನಂದುಕೊಳ್ಳುತ್ತಾಳೋ. ಆ ಪಟ್ಟಿ ಬರೆದವರಿಗೆ ಲಂಗ, ಬ್ಲೌಸು, ನೈಟಿ ಇವು ಯಾವುದೂ ಗೊತ್ತಿಲ್ಲ. ನಾವು ದಿನಾ ಹಾಕೋದು ಅವನ್ನೇ ಅಲ್ವಾ?

ನಾನು ಒಂದು ಪಿಯು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಸಾಮಾನ್ಯ ದಿನಗಳಲ್ಲಿ ಕುರ್ತಾ, ಪ್ಯಾಂಟು. ಕಾಲೇಜಿನಲ್ಲಿ ಕಾರ್ಯಕ್ರಮ ಇದ್ದರೆ, ಹಬ್ಬಕ್ಕೆ, ಮದುವೆಗೆ ಸೀರೆ. ಮನೆಗೆ ಬಂದ ತಕ್ಷಣ ನೈಟಿ. ಹಾಗಾಗಿ ನನಗೆ ಬೇಕಾಗಿರುವುದು ಪ್ಲೇನ್ ಕುರ್ತಾಗಳು, ಅವಕ್ಕೆಲ್ಲ ಹೊಂದುವ ಎರಡು ಮೂರು ಪ್ಯಾಂಟು, ಯಾವ ಸೀರೆಗೂ ನಡೆಯುವ ಬ್ಲೌಸು, ಗಟ್ಟಿ ಲಂಗ, ಒಳ ಉಡುಪು. ಇವುಗಳನ್ನು ಯಾರೂ ಹೊಗಳುವುದಿಲ್ಲ. ಜರಿ ಸೀರೆ ನೋಡಿ ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ, ಬೂದು ಬಣ್ಣದ ಕುರ್ತಾ ನೋಡಿ ಯಾರು ಕೇಳುತ್ತಾರೆ? ಆದರೆ ದಿನಾ ಬೆಳಗ್ಗೆ ಎಂಟು ಗಂಟೆಗೆ ಕೈಗೆ ಸಿಗಬೇಕಾಗಿರುವುದು ಅದೇ ಬೂದು ಕುರ್ತಾ. ಅದು ಮೈಗೆ ಕೂರದಿದ್ದರೆ ಇಡೀ ದಿನ ಎಳೆದುಕೊಂಡೇ ಇರಬೇಕು.

ನನ್ನ ಅಳತೆ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ. ಎತ್ತರ 4 ಅಡಿ 11 ಇಂಚು. ಎದೆ 39, ಸೊಂಟದ ಕೆಳಗೆ 41. ಭುಜ ಮಾತ್ರ ಈ ತುದಿಯಿಂದ ಆ ತುದಿಗೆ 13 ಮುಕ್ಕಾಲು ಇಂಚು. ರೆಡಿಮೇಡ್ ಕುರ್ತಾಗಳಲ್ಲಿ ಸಾಮಾನ್ಯವಾಗಿ ಎಸ್ ಅಂದರೆ ಎದೆ 36, ಎಮ್ ಅಂದರೆ 38, ಎಲ್ ಅಂದರೆ 40, ಎಕ್ಸ್‌ಎಲ್ ಅಂದರೆ 42. ಆ ಲೆಕ್ಕದಲ್ಲಿ ನಾನು ಎಲ್. ಎಲ್ ಹಾಕಿಕೊಂಡರೆ ಎದೆ ಸರಿ ಇರುತ್ತದೆ, ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಬಂದು ಕೂರುತ್ತದೆ. ಅಕ್ಕನ ಬಟ್ಟೆ ಹಾಕಿಕೊಂಡ ಹಾಗೆ ಕಾಣುತ್ತೇನೆ. ಎಮ್ ಹಾಕಿಕೊಂಡರೆ ಭುಜ ಸರಿ, ಎದೆ ಹತ್ತಿರ ಬಟ್ಟೆ ಅಡ್ಡಡ್ಡ ಎಳೆಯುತ್ತದೆ.

ಇದು ನನ್ನ ಮೈಯ ತೊಂದರೆ ಅಲ್ಲ. ಬಟ್ಟೆ ಕಂಪನಿಗಳು ಒಂದು ಸೈಜಿಗೆ ಮಾದರಿ ಮಾಡಿಕೊಳ್ಳುತ್ತವೆ. ಆಮೇಲೆ ಪ್ರತಿ ಸೈಜಿಗೂ ಎಲ್ಲ ಕಡೆ ಇಷ್ಟಿಷ್ಟು ಅಂತ ಹೆಚ್ಚಿಸುತ್ತಾ ಹೋಗುತ್ತವೆ. ಎದೆ ದೊಡ್ಡದಾದರೆ ಭುಜವೂ ದೊಡ್ಡದಾಗುತ್ತದೆ, ಕುತ್ತಿಗೆಯೂ ಅಗಲವಾಗುತ್ತದೆ, ತೋಳೂ ಉದ್ದವಾಗುತ್ತದೆ ಅನ್ನುವ ಲೆಕ್ಕ ಅದು. ನಮ್ಮ ಮೂಳೆ ಆ ಲೆಕ್ಕ ಕೇಳುವುದಿಲ್ಲ. ಅದೂ ಅಲ್ಲದೆ ಇಲ್ಲಿನ ಬಹಳಷ್ಟು ಸೈಜ್ ಚಾರ್ಟುಗಳು ಅಮೆರಿಕ, ಇಂಗ್ಲೆಂಡಿನ ಚಾರ್ಟುಗಳನ್ನೇ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿಕೊಂಡವು. ಭಾರತದವರದ್ದೇ ಒಂದು ಸೈಜ್ ಚಾರ್ಟ್ ಬೇಕು ಅಂತ ಕೇಂದ್ರ ಜವಳಿ ಸಚಿವಾಲಯ ಮತ್ತು ಫ್ಯಾಷನ್ ತಂತ್ರಜ್ಞಾನ ಕಲಿಸುವ ನಿಫ್ಟ್ ಸಂಸ್ಥೆ ಸೇರಿ ‘ಇಂಡಿಯಾ ಸೈಜ್’ ಅನ್ನುವ ಸಮೀಕ್ಷೆ ಕೈಗೆತ್ತಿಕೊಂಡವು. 15ರಿಂದ 65 ವರ್ಷದ 25 ಸಾವಿರ ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ. ಆರಿಸಿಕೊಂಡ ಆರು ನಗರಗಳಲ್ಲಿ ನಮ್ಮ ಬೆಂಗಳೂರೂ ಇದೆ. ಒಳ್ಳೆಯ ಕೆಲಸ. ಆ ಅಳತೆ ನಮ್ಮ ಏರಿಯಾ ಅಂಗಡಿಯ ಹ್ಯಾಂಗರಿಗೆ ಬರುವ ತನಕ ನಮ್ಮ ದಾರಿ ನಾವು ನೋಡಿಕೊಳ್ಳಬೇಕಲ್ಲ.

ನನಗೆ ದಾರಿ ತೋರಿಸಿದ್ದು ಪಕ್ಕದ ಮನೆಯಾಕೆ. ಮದ್ದೂರು ಕಡೆಯವಳು. ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಮೊದಲು ಹೆಲ್ಪರ್ ಆಗಿದ್ದಳು, ಆಮೇಲೆ ಮೆಷಿನ್, ಈಗ ಚೆಕಿಂಗ್ ಸೆಕ್ಷನ್. ದಿನವಿಡೀ ಬೇರೆಯವರು ಹೊಲಿದ ಪೀಸುಗಳನ್ನು ತಿರುಗಿಸಿ ಮುರುಗಿಸಿ ತಪ್ಪು ಹುಡುಕುವುದೇ ಕೆಲಸ. ನಾನು ಹೊಸ ಬಟ್ಟೆ ತಂದರೆ ಅವಳಿಗೆ ತೋರಿಸದೆ ಟ್ಯಾಗ್ ಕೀಳುವುದಿಲ್ಲ. ಅವಳು ಬಣ್ಣ ನೋಡುವುದಿಲ್ಲ, ಡಿಸೈನ್ ನೋಡುವುದಿಲ್ಲ. ಕೈಗೆ ತಗೊಂಡ ತಕ್ಷಣ ಒಳಗಡೆ ಹೊರಗೆ ಮಾಡುತ್ತಾಳೆ.

“ಇದ್ರಲ್ಲಿ ಮಾರ್ಜಿನ್ನೇ ಇಲ್ಲ ಕಣಕ್ಕ. ಬಿಚ್ಚಕ್ಕೇ ಆಗಲ್ಲ. ವಾಪಸ್ ಕೊಡಿ.”

ಹೊಲಿಗೆಯ ಆಚೆ ಒಳಗಡೆ ಬಿಟ್ಟಿರುವ ಹೆಚ್ಚಿನ ಬಟ್ಟೆಯೇ ಮಾರ್ಜಿನ್. ಅವಳು ಹೇಳಿದ ಈ ಮಾರ್ಜಿನ್ ವಿಷಯವೇ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು. ಭುಜ ದೊಡ್ಡದಾದ ಕುರ್ತಾವನ್ನು ಚಿಕ್ಕದು ಮಾಡುವುದು ದೊಡ್ಡ ತಲೆನೋವು. ತೋಳು ಪೂರ್ತಿ ಬಿಚ್ಚಬೇಕು, ಭುಜ ಕತ್ತರಿಸಬೇಕು, ಮತ್ತೆ ತೋಳು ಕೂರಿಸಬೇಕು. ಟೈಲರುಗಳು ಒಪ್ಪುವುದೇ ಇಲ್ಲ, ಒಪ್ಪಿದರೂ ಕುರ್ತಾದ ಅರ್ಧ ಬೆಲೆ ಕೇಳುತ್ತಾರೆ. ಅದೇ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡುವುದು ಸುಲಭ, ಆದರೆ ಒಳಗೆ ಬಟ್ಟೆ ಬಿಟ್ಟಿರಬೇಕು. ಎರಡು ಪಕ್ಕ, ಪ್ರತಿ ಪಕ್ಕಕ್ಕೆ ಮುಂದಿನ ಬಟ್ಟೆ ಹಿಂದಿನ ಬಟ್ಟೆ ಅಂತ ಎರಡು ಅಂಚು. ಒಟ್ಟು ನಾಲ್ಕು. ಒಂದೊಂದರಲ್ಲಿ ಅರ್ಧ ಇಂಚು ಬಿಟ್ಟುಕೊಂಡರೂ ಎದೆ ಸುತ್ತಳತೆ 2 ಇಂಚು ಜಾಸ್ತಿಯಾಗುತ್ತದೆ. ನನ್ನಂಥವಳಿಗೆ ಆ 2 ಇಂಚೇ ಸಾಕು. ಅದಕ್ಕೇ ಈಗ ನಾನು ಭುಜಕ್ಕೆ ಸರಿಯಾದ ಎಮ್ ಹಿಡಿದು, ಒಳಗೆ ತಿರುಗಿಸಿ, ಮಾರ್ಜಿನ್ ಮುಕ್ಕಾಲು ಇಂಚಾದರೂ ಇದೆಯಾ ನೋಡುತ್ತೇನೆ. ಇದ್ದರೆ ಬಿಲ್ ಕೌಂಟರಿಗೆ. ಇಲ್ಲದಿದ್ದರೆ ಎಷ್ಟೇ ಚೆನ್ನಾಗಿರಲಿ, ಹ್ಯಾಂಗರಿಗೆ ವಾಪಸ್.

ದೊಡ್ಡ ಫ್ಯಾಕ್ಟರಿಯ ಬಟ್ಟೆಗಳಲ್ಲಿ ಮಾರ್ಜಿನ್ ಯಾಕಿರುವುದಿಲ್ಲ ಅಂತ ಅವಳನ್ನೇ ಕೇಳಿದೆ. ಒಂದು ಪೀಸಿನಲ್ಲಿ ಅರ್ಧ ಇಂಚು ಬಿಟ್ಟರೆ ಸಾವಿರಾರು ಪೀಸಿಗೆ ಎಷ್ಟು ಥಾನು ಬಟ್ಟೆ ಹೋಗುತ್ತೆ ಲೆಕ್ಕ ಹಾಕಿ ಅಂದಳು. ಅಲ್ಲಿ ಹೊಲಿಗೆ ಹಾಕುವ ಮೆಷಿನ್ನೇ ಅಂಚು ಕತ್ತರಿಸಿ ಎಳೆ ಬಿಚ್ಚದ ಹಾಗೆ ಓವರ್‌ಲಾಕ್ ಮಾಡಿಕೊಂಡು ಹೋಗುತ್ತದೆ. ಹಾಗಾಗಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ (ಹೊರದೇಶಕ್ಕೆ ಹೊಲಿದು ಉಳಿದದ್ದನ್ನು ಮಾರುವವು) ಬಟ್ಟೆ, ಹೊಲಿಗೆ ಎರಡೂ ಚೆನ್ನಾಗಿರುತ್ತವೆ, ಬೆಲೆಯೂ ಕಡಿಮೆ, ಆದರೆ ಅಗಲ ಮಾಡಿಸುವ ಆಸೆ ಬಿಡಬೇಕು. ಅವು ಎತ್ತರದ ಹೆಂಗಸರಿಗೆ ಹೊಲಿದವು. ತೋಳು ನನ್ನ ಬೆರಳು ಮುಚ್ಚುತ್ತದೆ, ಪ್ಯಾಂಟು ಎದೆವರೆಗೆ ಬರುತ್ತದೆ. ಟೀ ಶರ್ಟಿಗೆ ಮಾತ್ರ ಆ ಅಂಗಡಿಗಳು ಒಳ್ಳೆಯವು. ಟೀ ಶರ್ಟ್ ತಗೊಳ್ಳುವಾಗ ಪಕ್ಕದ ಹೊಲಿಗೆ ನೇರವಾಗಿ ಇಳಿದಿದೆಯಾ ನೋಡಿ. ಅಂಗಡಿಯಲ್ಲೇ ಸ್ವಲ್ಪ ಮುಂದಕ್ಕೆ ತಿರುಚಿಕೊಂಡಿದ್ದರೆ ಒಗೆದ ಮೇಲೆ ಹೊಟ್ಟೆ ಮೇಲೆ ಬಂದು ಕೂರುತ್ತದೆ.

ಇನ್ನೊಂದು ಮಜಾ ಸಂಗತಿ ಹೇಳಿದಳು. ಒಂದೊಂದು ಸಲ ಹೊಸ ಬಟ್ಟೆಯ ಒಳಗೆ ಪುಟ್ಟ ನಂಬರಿನ ಸ್ಟಿಕ್ಕರ್ ಉಳಿದಿರುತ್ತದೆ, ನೋಡಿದ್ದೀರಾ? ನಾನು ಅದನ್ನು ಬೆಲೆಯ ಗುರುತು ಅಂದುಕೊಂಡಿದ್ದೆ. ಕಟಿಂಗ್ ಮಾಡುವಾಗ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಒಂದು ರೋಲಿಗೂ ಇನ್ನೊಂದು ರೋಲಿಗೂ ಬಣ್ಣದಲ್ಲಿ ಒಂಚೂರು ವ್ಯತ್ಯಾಸ ಇರುತ್ತದೆ. ಒಂದೇ ಪದರದ ತೋಳು, ಮುಂಭಾಗ, ಹಿಂಭಾಗ ಒಟ್ಟಿಗೆ ಸೇರಲಿ ಅಂತ ಆ ನಂಬರು. ಅದು ತಪ್ಪಿದರೆ ತೋಳು ಒಂದು ಕಪ್ಪು, ಮೈ ಇನ್ನೊಂದು ಕಪ್ಪು. ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ. ಅಂಗಡಿ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಬೇಕು. ಕಪ್ಪು, ನೇವಿ ಬ್ಲೂ ತಗೊಳ್ಳುವಾಗ ನಾನು ಈಗ ಬಾಗಿಲಿಗೆ ಹೋಗಿಯೇ ನೋಡುವುದು. ಸೆಕ್ಯುರಿಟಿಯವರು ಅನುಮಾನದಿಂದ ನೋಡುತ್ತಾರೆ, ನೋಡಲಿ ಬಿಡಿ.

ಕಂಕುಳಿನ ವಿಷಯಕ್ಕೆ ಬರೋಣ. ಲೈಬ್ರರಿಯಲ್ಲಿ ಮೇಲಿನ ಕಪಾಟಿಗೆ ನಾನು ಕೈ ಎತ್ತುತ್ತಲೇ ಇರಬೇಕು. ಕೈ ಎತ್ತಿದಾಗಲೆಲ್ಲ ಇಡೀ ಕುರ್ತಾ ಮೇಲೆ ಬರುತ್ತಿದ್ದರೆ ಎಷ್ಟು ಮುಜುಗರ ಅಂತ ಗಿಡ್ಡ ಇರುವವರಿಗೆ ಗೊತ್ತು. ಕಂಕುಳು ಸಡಿಲ ಇದ್ದರೆ ಕೈ ಆಡಿಸಲು ಆರಾಮ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ತೋಳಿನ ಸುತ್ತು ಕೆಳಗೆ ಇಳಿದಷ್ಟೂ ತೋಳು ಮತ್ತು ಮೈ ಒಂದೇ ತುಂಡಿನ ಹಾಗೆ ಎಳೆಯುತ್ತವೆ. ಕಂಕುಳಿನ ಹತ್ತಿರಕ್ಕೇ ಮೇಲೆ ಕೂತಿದ್ದರೆ ತೋಳು ಮಾತ್ರ ಏಳುತ್ತದೆ, ಮೈ ಅಲ್ಲೇ ಇರುತ್ತದೆ. ಆದ್ದರಿಂದ ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡುವುದು ಸುಮ್ನೆ. ಕೈ ಎತ್ತಿ, ಬಗ್ಗಿ, ಕೂತು ನೋಡಬೇಕು. ಸ್ಟೂಲ್ ಇಲ್ಲದಿದ್ದರೆ ಬಸ್ ಸೀಟಿನ ಎತ್ತರಕ್ಕೆ ಮಂಡಿ ಬಗ್ಗಿಸಿ ನೋಡಿ. ಸೈಡ್ ಸ್ಲಿಟ್ ಎಲ್ಲಿವರೆಗೆ ಏರುತ್ತದೆ ಅಂತ ಆಗ ತಿಳಿಯುತ್ತದೆ.

ಆನ್‌ಲೈನಿನಲ್ಲಿ ಈ ಸರ್ಕಸ್ ಮಾಡಲಾಗುವುದಿಲ್ಲ. ಅಲ್ಲಿ ನನ್ನ ಅಸ್ತ್ರ ಟೇಪು. ನನಗೆ ಚೆನ್ನಾಗಿ ಕೂರುವ ಹಳೇ ಕುರ್ತಾ ಒಂದಿದೆ. ಅದನ್ನು ಮಂಚದ ಮೇಲೆ ಸುಕ್ಕಿಲ್ಲದೆ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸುತ್ತೇನೆ. ನನ್ನ ಎದೆ 39, ಆ ಕುರ್ತಾ 41 ಮುಕ್ಕಾಲು. ಹೆಚ್ಚಿನ ಎರಡೂಮುಕ್ಕಾಲು ಇಂಚು ಉಸಿರಾಡಲು ಬೇಕಾದ ಜಾಗ. ಇಲ್ಲೇ ಬಹಳ ಜನ ಎಡವುವುದು. ಕೆಲವು ಚಾರ್ಟುಗಳಲ್ಲಿ ಬರೆದಿರುವುದು ನಮ್ಮ ಮೈ ಅಳತೆ, ಕೆಲವುಗಳಲ್ಲಿ ಬಟ್ಟೆಯದೇ ಅಳತೆ. ಎರಡಕ್ಕೂ 40 ಅಂತಲೇ ಬರೆದಿರುತ್ತಾರೆ. ಮೈ ಅಳತೆ 40 ಆದರೆ ನನಗೆ ಸರಿ, ಬಟ್ಟೆ ಅಳತೆ 40 ಆದರೆ ಉಸಿರುಕಟ್ಟುತ್ತದೆ. ಯಾವುದು ಅಂತ ಸ್ಪಷ್ಟ ಬರೆಯದವರ ಹತ್ತಿರ ನಾನು ತಗೊಳ್ಳುವುದಿಲ್ಲ. ಭುಜದ ಅಳತೆ ಕೊಡದವರ ಹತ್ತಿರವೂ ತಗೊಳ್ಳುವುದಿಲ್ಲ. ಫೋಟೋದ ಹುಡುಗಿ 5 ಅಡಿ 8 ಇಂಚು ಅಂತ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಅವಳಿಗೆ ಮೊಣಕಾಲಿಗೆ ಬಂದದ್ದು ನನಗೆ ಮೀನಖಂಡಕ್ಕೆ ಬರುತ್ತದೆ. ಉದ್ದ ಕಡಿಮೆ ಮಾಡಿಸುವುದು ಕಷ್ಟವಲ್ಲ, ಆದರೆ ಸ್ಲಿಟ್ ಕೂಡ ಗಿಡ್ಡ ಆಗಿಬಿಡುತ್ತದೆ ಅನ್ನುವುದು ನೆನಪಿರಲಿ. ಸ್ಲಿಟ್ಟನ್ನೂ ಮೇಲೆ ಬಿಚ್ಚಿಸಬೇಕು.

ಇಷ್ಟೆಲ್ಲ ಪರದಾಟ ಬೇಡ ಅಂದರೆ ಬಟ್ಟೆ ತಂದು ಹೊಲಿಸುವುದೇ ವಾಸಿ. ಈಗೀಗ ನನ್ನ ಪ್ಲೇನ್ ಕುರ್ತಾಗಳು ಹೊಲಿಸಿದವೇ. ಲೆಕ್ಕ ಹೇಳುತ್ತೇನೆ. 44 ಇಂಚು ಅಗಲದ ಕಾಟನ್ ಆದರೆ ನನ್ನ ಎತ್ತರಕ್ಕೆ ಎರಡೂಕಾಲು ಮೀಟರ್ ಸಾಕು. ಚಿಕ್ಕಪೇಟೆಯಲ್ಲಿ ಮೀಟರಿಗೆ 140 ರೂಪಾಯಿಯ ಕೇಂಬ್ರಿಕ್ ಕಾಟನ್ ತಂದೆ, 315 ಆಯಿತು. ಹೊಲಿಗೆ 450. ಒಟ್ಟು 765. ಅಂಥದ್ದೇ ರೆಡಿಮೇಡ್ ಅದಕ್ಕಿಂತ ಅಗ್ಗವಾಗಿಯೂ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆಲ್ಟರೇಷನ್ ಖರ್ಚು ಸೇರಿಸಿದರೆ ಅಲ್ಲಿಗಲ್ಲಿಗೆ ಬರುತ್ತದೆ. ಹೊಲಿಸಿದ್ದಕ್ಕೆ ಜೇಬೂ ಇರುತ್ತದೆ! ಪಕ್ಕದ ಹೊಲಿಗೆಯಲ್ಲಿ ಮೊಬೈಲ್ ಹಿಡಿಯುವ ಜೇಬು ಇಡಿ ಅಂತ ಮೊದಲೇ ಹೇಳಬೇಕು ಅಷ್ಟೇ. ಹೆಂಗಸರ ಬಟ್ಟೆಗೆ ಜೇಬಿಡಲು ಕಂಪನಿಗಳಿಗೆ ಏನು ರೋಗವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೆಟ್ರೋ ಬಂದ ಮೇಲೆ ಚಿಕ್ಕಪೇಟೆ ಸುಲಭವಾಗಿದೆ. ಮಹಾಲಕ್ಷ್ಮಿಯಲ್ಲಿ ಹತ್ತಿ ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಇಳಿದರೆ ಆಯಿತು, ಗಾಡಿ ನಿಲ್ಲಿಸಲು ಜಾಗ ಹುಡುಕುವ ಗೋಳಿಲ್ಲ. ಅಲ್ಲಿ ಬಟ್ಟೆ ಕೇಳುವಾಗ ‘ಪ್ಯೂರ್ ಕಾಟನ್ನಾ?’ ಅಂತ ಕೇಳಿ ಪ್ರಯೋಜನವಿಲ್ಲ. ಹೌದು ಅನ್ನದೆ ಇನ್ನೇನಂದಾರು? ಒಂದೆರಡು ಎಳೆ ಕಿತ್ತುಕೊಂಡು ಮನೆಗೆ ಬಂದು ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ರೇಯಾನ್ ಕೂಡ ಕಾಗದದ ಹಾಗೇ ಸುಡುತ್ತದೆ, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ಬೇರೆ ಗುರುತಿದೆ. ಕೈಯಲ್ಲಿ ಹಿಡಿದರೆ ಜಾರುವಷ್ಟು ಮೆತ್ತಗೆ, ತಣ್ಣಗೆ ಇರುತ್ತದೆ, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಕುಗ್ಗುತ್ತದೆ. ಬೇಸಿಗೆಗೆ ಹಿತವೇ. ಆದರೆ ತಿಕ್ಕಿ ಒಗೆಯುವ ಮನೆಗೆ ಅದು ಆಗಿಬರುವುದಿಲ್ಲ. ಕೈಮಗ್ಗ ಬೇಕು ಅನ್ನುವವರಿಗೆ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಹೆಂಗಸರು ನೇಯ್ದು ಹೊಲಿಯುವ ಕುರ್ತಾಗಳಿವೆ. ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ ಕಂದು ಬಣ್ಣದ್ದೊಂದು ನನ್ನ ಹತ್ತಿರ ಇದೆ. ಬಣ್ಣ ನಿಧಾನವಾಗಿ ಮಾಸುತ್ತದೆ, ಆದರೆ ಮಾಸಿದ ಮೇಲೂ ಚೆನ್ನಾಗಿಯೇ ಕಾಣುತ್ತದೆ. ಸರ್ಕಾರದ ಪ್ರಿಯದರ್ಶಿನಿ ಮಳಿಗೆಯಲ್ಲಿ ರಿಬೇಟ್ ಇದ್ದಾಗ ಸಾದಾ ಬಟ್ಟೆ ನೋಡಬಹುದು. ಗಾಂಧಿ ಜಯಂತಿ ಸುತ್ತಮುತ್ತ ಖಾದಿಗೂ ರಿಯಾಯಿತಿ ಇರುತ್ತದೆ.

ಏನೇ ತನ್ನಿ, ಹೊಲಿಯಲು ಕೊಡುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿ ಕೊಡಿ. ರೇಷ್ಮೆಗೆ ಬೇಡ, ಕಾಟನ್ನಿಗೆ ಬೇಕೇ ಬೇಕು. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಬ್ಲೌಸಿನ ಲೈನಿಂಗಿಗಂತೂ ಇದು ಇನ್ನೂ ಮುಖ್ಯ. ಮೇಲಿನ ಬಟ್ಟೆ ಹಾಗೇ ಇದ್ದು ಒಳಗಿನ ಲೈನಿಂಗ್ ಕುಗ್ಗಿದರೆ ಇಡೀ ಬ್ಲೌಸ್ ಸುಕ್ಕು ಸುಕ್ಕಾಗಿ ನಿಲ್ಲುತ್ತದೆ. ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗುವುದಿಲ್ಲ.

ಬ್ಲೌಸ್ ಅಂದಾಗ ನಮ್ಮ ಟೈಲರ್ ಅಮ್ಮನ ವಿಷಯ ಹೇಳಲೇಬೇಕು. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಗುರುವಾರ ಕೊಡ್ತೀನಿ ಅಂದರೆ ಯಾವ ಗುರುವಾರ ಅಂತ ಕೇಳಬಾರದು. ಆದರೆ ಕೈ ಮಾತ್ರ ಚಿನ್ನ. ನಾನು ಅಳತೆ ಬ್ಲೌಸ್ ತಗೊಂಡು ಹೋದರೆ ಅದನ್ನು ಪಕ್ಕಕ್ಕೆ ಇಡುತ್ತಾರೆ.

“ಈ ಬ್ಲೌಸ್ ಹೊಲಿಸಿ ಎಷ್ಟು ವರ್ಷ ಆಯ್ತು ನೋಡಮ್ಮ. ಮೈ ಅಷ್ಟೇ ಇದೆಯಾ? ನಿಂತ್ಕೋ, ಅಳತೆ ತಗೋತೀನಿ.”

ಅವರು ಒಂದು ಮಾತು ಖಡಾಖಂಡಿತ ಹೇಳುತ್ತಾರೆ. ಸೀರೆ ಉಡುವ ದಿನ ಯಾವ ಬ್ರಾ ಹಾಕುತ್ತೀಯೋ ಅದನ್ನೇ ಹಾಕಿಕೊಂಡು ಬಾ. ಹಳೇ ಸಡಿಲದ್ದು ಹಾಕಿಕೊಂಡು ಬಂದು ಅಳತೆ ಕೊಟ್ಟರೆ ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ, ಅಂದರೆ ಟಕ್ಸ್, ಕೂರುವ ಜಾಗವೇ ತಪ್ಪುತ್ತದೆ. ಆಮೇಲೆ ‘ಆಂಟಿ, ಯಾಕೋ ಸರಿ ಇಲ್ಲ’ ಅಂದರೆ ನಾನೇನು ಮಾಡಲಿ ಅನ್ನುತ್ತಾರೆ. ಕ್ರಾಸ್ ಕಟ್ ಆದರೆ 80 ಸೆಂಟಿಮೀಟರ್ ಸಾಲದು, ಒಂದು ಮೀಟರ್ ತಾ ಅನ್ನುತ್ತಾರೆ. ಬಟ್ಟೆಯನ್ನು ಓರೆಯಾಗಿ ಇಟ್ಟು ಕತ್ತರಿಸುವುದರಿಂದ ಸ್ವಲ್ಪ ಹಿಗ್ಗುತ್ತದೆ, ಮೈಗೆ ಅಂಟಿಕೊಂಡು ಕೂರುತ್ತದೆ, ಆದರೆ ಬಟ್ಟೆ ಜಾಸ್ತಿ ಹೋಗುತ್ತದೆ. ಹಿಂದಿನ ಕುತ್ತಿಗೆ ತುಂಬ ಡೀಪ್ ಇಟ್ಟರೆ ಭುಜ ಜಾರುತ್ತದೆ ಅಂತಲೂ ಎಚ್ಚರಿಸುತ್ತಾರೆ. ನನ್ನ ಭುಜಕ್ಕೆ ಅದು ಆಗುವುದೇ ಇಲ್ಲ, ಹಿಂದೆ ಐದು ಇಂಚೇ ಸಾಕು. ಒಳಗೆ ಒಂದು ಇಂಚು ಬಟ್ಟೆ ಬಿಡುವುದಂತೂ ಕೇಳದೆಯೇ ಬಿಡುತ್ತಾರೆ. ನಮ್ಮ ಏರಿಯಾದಲ್ಲಿ ಲೈನಿಂಗ್ ಇಲ್ಲದ ಸಾದಾ ಬ್ಲೌಸಿಗೆ 300, ಲೈನಿಂಗ್ ಇದ್ದರೆ 600.

ಸೀರೆಗೊಂದು ಬ್ಲೌಸ್ ಹೊಲಿಸುವ ಪದ್ಧತಿ ನಾನು ನಿಲ್ಲಿಸಿ ಬಹಳ ಕಾಲವಾಯಿತು. ಸೀರೆ ಜೊತೆ ಬರುವ ಪೀಸನ್ನು ಹೊಲಿಸಿದರೆ ಆ ಸೀರೆಗೆ ಮಾತ್ರ. ಅದರ ಬದಲು ಟೂ ಬೈ ಟೂ ರೂಬಿಯಾ ಅನ್ನುವ ಬ್ಲೌಸ್ ಬಟ್ಟೆಯಲ್ಲಿ ಕಪ್ಪು, ಕೆನೆ ಬಣ್ಣ, ಮರೂನ್, ಕಡು ಹಸಿರು. ಟೂ ಬೈ ಟೂ ಅಂದರೆ ಹಾಸು, ಹೊಕ್ಕು ಎರಡರಲ್ಲೂ ಎರಡೆರಡು ಎಳೆ ಹೊಸೆದ ನೂಲು. ಅದಕ್ಕೇ ತೆಳ್ಳಗಿದ್ದರೂ ಬಾಳಿಕೆ ಬರುತ್ತದೆ. ಮ್ಯಾಚಿಂಗ್ ಸೆಂಟರಿನ ಗೋಡೆ ತುಂಬ ಮೇಲಿಂದ ಕೆಳಗೆ ಬಣ್ಣ ಬಣ್ಣದ ಥಾನು ಜೋಡಿಸಿರುತ್ತಾರಲ್ಲ, ಅದರಲ್ಲಿ ಬಹಳಷ್ಟು ಇದೇ. ಇವುಗಳ ಜೊತೆಗೆ ಗುಳೇದಗುಡ್ಡದ ಖಣದ್ದು ಒಂದು ಇರಲೇಬೇಕು ಅನ್ನುವುದು ನನ್ನ ಹಠ. ಇಳಕಲ್ ಸೀರೆಗೆ ಅದು ಹುಟ್ಟುಜೋಡಿ. ಸಾದಾ ಕಾಟನ್ ಸೀರೆ ಉಟ್ಟರೂ ಈ ಬ್ಲೌಸ್ ಹಾಕಿದರೆ ಸಾಕು, ‘ಏನ್ ಮೇಡಂ ಇವತ್ತು ವಿಶೇಷ?’ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ರೆಡಿಮೇಡ್ ಸ್ಟ್ರೆಚ್ ಬ್ಲೌಸುಗಳೂ ಈಗ ಎಲ್ಲ ಕಡೆ ಇವೆ. ಅವಸರಕ್ಕೆ ಪರವಾಗಿಲ್ಲ. ಬಿಸಿಲಿಗೆ ಒಣಹಾಕಿದರೆ ಬೇಗ ಸಡಿಲವಾಗುತ್ತವೆ, ಅವುಗಳಲ್ಲಿರುವ ಹಿಗ್ಗುವ ಲೈಕ್ರಾ ಎಳೆಗೆ ಬಿಸಿ ಆಗದು. ಲೆಗ್ಗಿಂಗ್ಸಿಗೂ ಇದೇ ಮಾತು. ಅದನ್ನು ತಗೊಳ್ಳುವಾಗ ಒಳಗೆ ಕೈ ಹಾಕಿ ಎಳೆದು ನೋಡಿ, ಕೈ ಕಂಡರೆ ಕಾಲೂ ಕಾಣುತ್ತದೆ.

ಬ್ರಾ ವಿಷಯಕ್ಕೆ ನಮ್ಮವರು ಇನ್ನೂ ದನಿ ತಗ್ಗಿಸುತ್ತಾರೆ. ಅಂಗಡಿಯಲ್ಲಿ ಗಂಡಸರೇ ನಿಂತಿರುತ್ತಾರೆ, ನಾವು ಪಿಸುಗುಟ್ಟುತ್ತಾ ‘36 ಕೊಡಿ’ ಅನ್ನುತ್ತೇವೆ, ಅವರು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುತ್ತಾರೆ. ಕದ್ದ ಮಾಲಿನ ಹಾಗೆ! ಕಪ್ ಯಾವುದು ಅಂತ ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಟೇಪ್ ಹಿಡಿದು ಎದೆಯ ಕೆಳಗಿನ ಸುತ್ತಳತೆ, ಎದೆಯ ತುಂಬು ಭಾಗದ ಸುತ್ತಳತೆ ಎರಡನ್ನೂ ಬರೆದಿಟ್ಟುಕೊಳ್ಳಿ. ಆಧಾರ ಕೊಡುವುದು ಕೆಳಗಿನ ಪಟ್ಟಿ, ಭುಜದ ಸ್ಟ್ರಾಪ್ ಅಲ್ಲ. ಪಟ್ಟಿ ಸಡಿಲ ಇದ್ದರೆ ಭಾರವೆಲ್ಲ ಸ್ಟ್ರಾಪಿಗೆ ಬಿದ್ದು ಭುಜದಲ್ಲಿ ಗೀರು ಮೂಡುತ್ತದೆ. ಹಿಂದೆ ಮೇಲಕ್ಕೆ ಏರುತ್ತಿದ್ದರೆ ಪಟ್ಟಿ ದೊಡ್ಡದಾಯಿತು ಅಂತ ಅರ್ಥ. ಹೊಸದು ತಗೊಂಡಾಗ ಕೊನೆಯ, ಅಂದರೆ ಎಲ್ಲಕ್ಕಿಂತ ಸಡಿಲದ ಹುಕ್ಕಿನಲ್ಲಿ ಸರಿ ಕೂರಬೇಕು. ಎಲಾಸ್ಟಿಕ್ ಹಿಗ್ಗುತ್ತಾ ಹೋದಂತೆ ಒಳಗಿನ ಹುಕ್ಕಿಗೆ ಬರಬಹುದು. ಇನ್ನೊಂದು ಉಪಯೋಗದ ಲೆಕ್ಕ. ಸೈಜಿನಲ್ಲಿ ಸಂಖ್ಯೆ ಪಟ್ಟಿಯದು, ಅಕ್ಷರ ಕಪ್ಪಿನದು. 34ಸಿ ಮತ್ತು 36ಬಿ ಎರಡರ ಕಪ್ ಗಾತ್ರ ಒಂದೇ. ಪಟ್ಟಿ ಒಂದು ಸೈಜ್ ಇಳಿದರೆ ಕಪ್ ಒಂದಕ್ಷರ ಏರಬೇಕು. ಇದು ಗೊತ್ತಿದ್ದರೆ ನಿಮ್ಮ ಸೈಜ್ ಸ್ಟಾಕ್ ಇಲ್ಲ ಅಂದಾಗ ಬರಿಗೈಯಲ್ಲಿ ಬರಬೇಕಾಗಿಲ್ಲ. ನಾನು ಹೇಳಿದ ಇಷ್ಟೂ ಬಟ್ಟೆಗಳಲ್ಲಿ ದುಡ್ಡು ಜಾಸ್ತಿ ಹಾಕಬೇಕಾದ್ದು ಯಾವುದಕ್ಕೆ ಅಂದರೆ ನಾನು ಇದಕ್ಕೇ ಅನ್ನುತ್ತೇನೆ. ಇದು ಸರಿ ಇದ್ದರೆ 300 ರೂಪಾಯಿ ಕುರ್ತಾ ಕೂಡ ಮೈಗೆ ಕೂರುತ್ತದೆ.

ಲಂಗಕ್ಕೆ ಪಾಪ್ಲಿನ್. ಲಾಡಿ ಅಗಲವಾಗಿರಲಿ, ದಾರದ ಹಾಗೆ ಸಣ್ಣಗಿದ್ದರೆ ಸೊಂಟ ಕೊರೆಯುತ್ತದೆ. ಮೀನಿನಾಕಾರದ ಲೈಕ್ರಾ ಲಂಗ ಈಗ ಫ್ಯಾಷನ್ನು. ಸೀರೆ ಚೆನ್ನಾಗಿ ಕೂರುತ್ತದೆ ನಿಜ, ಆದರೆ ಅದನ್ನು ಹಾಕಿಕೊಂಡು ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತಿ ತೋರಿಸಿ.

ನೈಟಿ ಬಗ್ಗೆ ನಗುವವರು ನಗಲಿ. ಮನೆ ಕೆಲಸ ಮಾಡಲು ಅದಕ್ಕಿಂತ ಆರಾಮದ ಬಟ್ಟೆ ಇನ್ನೊಂದಿಲ್ಲ. ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡರೆ ಹಾಲಿನ ಬೂತಿಗೂ ಆಯಿತು, ಗೇಟಿನ ಹತ್ತಿರ ಮಾತಿಗೂ ಆಯಿತು. ಆದರೆ ಅದಕ್ಕೂ ‘ಫ್ರೀ ಸೈಜ್’ ಅಂತ ಬರೆದು ಮಾರುತ್ತಾರೆ. ನನಗೆ ಅದು ನೆಲ ಗುಡಿಸುತ್ತದೆ. ಒಲೆ ಮುಂದೆ ಓಡಾಡುವವರು ಉದ್ದ ನೈಟಿ ಹಾಗೇ ಬಿಡಬೇಡಿ, ಕಾಲಿಗೆ ಸಿಕ್ಕಿಬಿಡುತ್ತದೆ. ಟೈಲರ್ ಅಮ್ಮ ಕೆಳಗೆ ಕತ್ತರಿಸಿ ಮಡಚಿ ಹೊಲಿಯಲು 30 ರೂಪಾಯಿ ತಗೊಳ್ಳುತ್ತಾರೆ. ಕತ್ತರಿಸಿದ ತುಂಡಿನಲ್ಲೇ ಒಂದು ಜೇಬು ಹಾಕಿಸಿಕೊಂಡೆ.

ಇವನ್ನೆಲ್ಲ ಯಾವಾಗ ತಗೊಳ್ಳಬೇಕು? ಆಷಾಢದಲ್ಲಿ. ಮದುವೆ ಮುಂಜಿ ಇಲ್ಲದ ತಿಂಗಳು, ಅಂಗಡಿಗಳು ಖಾಲಿ ಹೊಡೆಯುತ್ತಿರುತ್ತವೆ, ರಸ್ತೆಗೊಂದು ಬ್ಯಾನರ್ ಬಿದ್ದಿರುತ್ತದೆ. ಪ್ಲೇನ್ ಬಟ್ಟೆಗೆ ಹೋದ ವರ್ಷದ್ದು ಈ ವರ್ಷದ್ದು ಅಂತ ಇಲ್ಲ. ಒಂದೇ ಕಷ್ಟ ಅಂದರೆ ಮೊದಲ ವಾರ ಬಿಟ್ಟು ಹೋದರೆ ಎಮ್, ಎಲ್ ಎಲ್ಲ ಖಾಲಿ, ಎಸ್ ಮತ್ತು ತ್ರಿಬಲ್ ಎಕ್ಸ್‌ಎಲ್ ಮಾತ್ರ ನೇತಾಡುತ್ತಿರುತ್ತವೆ. ಅರ್ಧ ಬೆಲೆ ಅಂತ ಸೈಜ್ ಬಿಟ್ಟು ತಂದರೆ ಅದು ಬೀರುವಿನಲ್ಲೇ ಇರುತ್ತದೆ.

ನನಗೆ ಇನ್ನೂ ಸರಿಯಾಗಿ ಸಿಗದಿರುವುದು ಬಿಳಿ ಕುರ್ತಾ. ತೆಳ್ಳಗಿದ್ದರೆ ಒಳಗಿನದೆಲ್ಲ ಕಾಣುತ್ತದೆ, ದಪ್ಪ ಇದ್ದರೆ ಶಾಲೆ ಯೂನಿಫಾರ್ಮ್ ಅನ್ನಿಸುತ್ತದೆ. ಬಿಳಿಗೆ ಬಿಳಿ ಸ್ಲಿಪ್ ಹಾಕಿದರೆ ಇನ್ನೂ ಎದ್ದು ಕಾಣುತ್ತದೆ, ನಮ್ಮ ಮೈಬಣ್ಣದ್ದೇ ಹಾಕಬೇಕು ಅಂತ ಪಕ್ಕದ ಮನೆಯಾಕೆ ಹೇಳಿದಳು. ಹಾಕಿ ನೋಡಿದೆ, ನಿಜ. ಆದರೆ ನಮ್ಮೂರ ಅಂಗಡಿಗಳಲ್ಲಿ ‘ಸ್ಕಿನ್ ಕಲರ್’ ಅಂತ ಕೊಡುವುದು ಯಾರ ಮೈಬಣ್ಣವೋ ಗೊತ್ತಿಲ್ಲ, ಗುಲಾಬಿ ಬಣ್ಣಕ್ಕಿರುತ್ತದೆ. ಕಡೆಗೆ ಕಂದು ಬಣ್ಣದ ರೂಬಿಯಾ ತಂದು ಟೈಲರ್ ಅಮ್ಮನಿಗೆ ಸ್ಲಿಪ್ ಹೊಲಿಯಲು ಕೊಟ್ಟಿದ್ದೇನೆ. ಗುರುವಾರ ಕೊಡ್ತೀನಿ ಅಂದಿದ್ದಾರೆ.